ಗಾಯಾಳುವಿನ ಪಕ್ಕದಲ್ಲಿ ವಿಮಾ ಕಂಪನಿಯ ನರ್ಸ್: ಅಮೆರಿಕದ ಕಾರ್ಮಿಕ ಪರಿಹಾರದಲ್ಲಿ ಕೇಸ್ ಮ್ಯಾನೇಜರ್ ಯಾರ ಪರ?

2025ರ ನವೆಂಬರ್ 21ರಂದು ಭಾರತದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ, ಕೆಲಸದ ವೇಳೆ ಗಾಯಗೊಂಡವರಿಗೆ ಸಿಗಬೇಕಾದ ಪರಿಹಾರದ ಪ್ರಶ್ನೆ ಮತ್ತೆ ಮುನ್ನೆಲೆಗೆ ಬಂದಿದೆ. 1923ರ ನೌಕರರ ಪರಿಹಾರ ಕಾಯ್ದೆಯನ್ನೂ 1948ರ ಇಎಸ್‌ಐ ಕಾಯ್ದೆಯನ್ನೂ ಒಳಗೊಂಡು ರೂಪುಗೊಂಡ ಸಾಮಾಜಿಕ ಭದ್ರತಾ ಸಂಹಿತೆಯನ್ನು ಅಳೆಯುವಾಗ ಅಮೆರಿಕದ ವ್ಯವಸ್ಥೆಯನ್ನು ಹೋಲಿಕೆಗೆ ತರುವುದು ಸಹಜವೇ. ಆದರೆ ಆ ವ್ಯವಸ್ಥೆಯೊಳಗೆ ಭಾರತದವರಿಗೆ ಪರಿಚಯವೇ ಇಲ್ಲದ ಒಂದು ಪಾತ್ರವಿದೆ: ನರ್ಸ್ ಕೇಸ್ ಮ್ಯಾನೇಜರ್. ಅಮೆರಿಕದ ಗೋದಾಮು, ಆಸ್ಪತ್ರೆ, ಹೋಟೆಲು, ದಿನಸಿ ಅಂಗಡಿಗಳಲ್ಲಿ ದುಡಿಯುವ ಕನ್ನಡಿಗರಿಗೂ, ಕೀಬೋರ್ಡಿನ ಮುಂದೆ ವರ್ಷಗಟ್ಟಲೆ ಕುಳಿತು ಮಣಿಕಟ್ಟಿನ ನರ ಹಾಳುಮಾಡಿಕೊಂಡ ಸಾಫ್ಟ್‌ವೇರ್ ಉದ್ಯೋಗಿಗಳಿಗೂ ಗಾಯದ ನಂತರ ಅತಿ ಹೆಚ್ಚು ಗೊಂದಲ ಹುಟ್ಟಿಸುವವರು ಇವರೇ. ಫೋನಿನಲ್ಲಿ ಮಾತನಾಡುವವರು ನೋವಿನ ಬಗ್ಗೆ ಕಾಳಜಿಯಿಂದ ವಿಚಾರಿಸುತ್ತಾರೆ, ವೈದ್ಯರ ಭೇಟಿಗೆ ಜೊತೆಗೆ ಬರುತ್ತೇನೆ ಎನ್ನುತ್ತಾರೆ, ಆದರೆ ಅವರನ್ನು ಕಳುಹಿಸಿದ್ದು ಆಸ್ಪತ್ರೆಯಲ್ಲ. ಹಾಗಿದ್ದರೆ ಅವರೊಂದಿಗೆ ಎಷ್ಟು ಮಾತನಾಡಬೇಕು? ಬೇಡ ಎಂದರೆ ಪರಿಹಾರ ನಿಂತುಹೋಗುತ್ತದೆಯೇ?

ಈ ಪಾತ್ರ ಹುಟ್ಟಿದ್ದು ಏಕೆ

ಅಮೆರಿಕದಲ್ಲಿ ಕಾರ್ಮಿಕ ಪರಿಹಾರಕ್ಕೆ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಕಾನೂನು ಇಲ್ಲ. ಕೇಂದ್ರ ಸರ್ಕಾರದ ನೌಕರರಿಗೆ 1916ರಿಂದ ಪ್ರತ್ಯೇಕ ಕಾಯ್ದೆ ಇದೆ. ಉಳಿದ ಬಹುತೇಕರಿಗೆ ಅವರವರ ರಾಜ್ಯದ ಕಾನೂನೇ ಅನ್ವಯ. 1911ರಲ್ಲಿ ವಿಸ್ಕಾನ್ಸಿನ್ ರಾಜ್ಯದಿಂದ ಆರಂಭವಾದ ಈ ಕಾನೂನುಗಳ ಸರಣಿಗೆ ಕೊನೆಯದಾಗಿ ಸೇರಿದ್ದು ಮಿಸಿಸಿಪಿ, 1948ರಲ್ಲಿ. ಎಲ್ಲದರ ತಳದಲ್ಲಿರುವ ಒಪ್ಪಂದ ಒಂದೇ. ಗಾಯಕ್ಕೆ ಯಾರ ತಪ್ಪು ಕಾರಣ ಎಂದು ಸಾಬೀತುಪಡಿಸುವ ಹೊಣೆ ನೌಕರರಿಗಿಲ್ಲ, ಚಿಕಿತ್ಸೆಯ ಖರ್ಚು ಮತ್ತು ಕಳೆದುಕೊಂಡ ಸಂಬಳದ ಒಂದು ಭಾಗ ಅವರಿಗೆ ಸಿಗುತ್ತದೆ. ಅದಕ್ಕೆ ಪ್ರತಿಯಾಗಿ, ಸಾಮಾನ್ಯವಾಗಿ ಉದ್ಯೋಗದಾತರ ಮೇಲೆ ನಷ್ಟ ಪರಿಹಾರದ ದಾವೆ ಹೂಡುವ ಹಕ್ಕನ್ನು ಅವರು ಬಿಟ್ಟುಕೊಡಬೇಕು.

ಈ ಒಪ್ಪಂದದ ರಚನೆಯಲ್ಲಿಯೇ ನರ್ಸ್ ಕೇಸ್ ಮ್ಯಾನೇಜರ್ ಹುದ್ದೆಯ ಬೀಜವಿದೆ. ಸಾಮಾನ್ಯ ಆರೋಗ್ಯ ವಿಮೆಯಲ್ಲಿ ವಿಮಾ ಕಂಪನಿ ಆಸ್ಪತ್ರೆಯ ಬಿಲ್ಲನ್ನು ಮಾತ್ರ ಕಟ್ಟುತ್ತದೆ. ರೋಗಿ ಯಾವಾಗ ಕೆಲಸಕ್ಕೆ ಮರಳುತ್ತಾನೆ ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ. ಕಾರ್ಮಿಕ ಪರಿಹಾರದಲ್ಲಿ ಚಿಕಿತ್ಸೆಯ ಬಿಲ್ಲು ಮತ್ತು ವಾರವಾರದ ಸಂಬಳದ ಪರಿಹಾರ ಎರಡೂ ಒಬ್ಬರ ಕಿಸೆಯಿಂದಲೇ ಹೋಗುತ್ತವೆ. ಆದ್ದರಿಂದ ಗಾಯಾಳು ಬೇಗ ಗುಣವಾಗುವುದರಲ್ಲಿ ಆ ಕಂಪನಿಗೆ ನಿಜವಾದ ಆಸಕ್ತಿ ಇದೆ. ಪೂರ್ತಿ ಗುಣವಾಗದಿದ್ದರೂ ಆತ ಬೇಗ ಕೆಲಸಕ್ಕೆ ಮರಳುವುದರಲ್ಲಿಯೂ ಅಷ್ಟೇ ಆಸಕ್ತಿ ಇದೆ. ಈ ಎರಡು ಆಸಕ್ತಿಗಳು ಬಹಳಷ್ಟು ಪ್ರಕರಣಗಳಲ್ಲಿ ಜೊತೆಯಾಗಿಯೇ ಸಾಗುತ್ತವೆ. ಅವು ಬೇರೆಯಾಗುವ ಜಾಗದಲ್ಲಿಯೇ ಜಗಳ ಹುಟ್ಟುತ್ತದೆ.

ಕ್ಲೇಮಿನ ಹಣಕಾಸಿನ ನಿರ್ಧಾರಗಳನ್ನು ತೆಗೆದುಕೊಳ್ಳುವವರು ವಿಮಾ ಕಂಪನಿಯ ಅಡ್ಜಸ್ಟರ್. ವೈದ್ಯಕೀಯ ಕಡತವನ್ನು ಓದಿ ಅರ್ಥಮಾಡಿಕೊಳ್ಳುವ ತರಬೇತಿ ಅವರಿಗೆ ಇರುವುದಿಲ್ಲವಾದ್ದರಿಂದ ಲೈಸೆನ್ಸ್ ಹೊಂದಿದ ನರ್ಸ್ ಒಬ್ಬರನ್ನು, ಬಹುತೇಕ ಹೊರಗಿನ ಸೇವಾ ಕಂಪನಿಯೊಂದರ ಮೂಲಕ, ಪ್ರಕರಣಕ್ಕೆ ನೇಮಿಸಲಾಗುತ್ತದೆ. ಇವರಲ್ಲಿ ಎರಡು ಬಗೆ. ಫೋನಿನಲ್ಲಿಯೇ ಕೆಲಸ ನಡೆಸುವವರು ಮೊದಲನೆಯವರು. ಮನೆಗೆ, ಕ್ಲಿನಿಕ್ಕಿಗೆ ಖುದ್ದಾಗಿ ಬರುವ ಫೀಲ್ಡ್ ಕೇಸ್ ಮ್ಯಾನೇಜರ್ ಎರಡನೆಯವರು. ಇವರ ಸೇವೆಗೆ ಸಾಮಾನ್ಯವಾಗಿ ಗಂಟೆಯ ಲೆಕ್ಕದಲ್ಲಿ ಶುಲ್ಕ ವಿಧಿಸಲಾಗುತ್ತದೆ, ಆ ಬಿಲ್ಲು ಕಟ್ಟುವುದು ವಿಮಾ ಕಂಪನಿ.

ನರ್ಸ್‌ನಿಂದ ಆಗುವ ಉಪಕಾರ

ವಿಮಾ ಕಂಪನಿಗಳೂ ಈ ವೃತ್ತಿಯಲ್ಲಿರುವವರೂ ಮುಂದಿಡುವ ವಾದವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಅಮೆರಿಕದ ವೈದ್ಯಕೀಯ ವ್ಯವಸ್ಥೆಯಲ್ಲಿ ಒಂದು ಎಂಆರ್‌ಐಗೆ ಅನುಮತಿ ಪಡೆಯಲು, ಅದರ ವರದಿಯನ್ನು ತಜ್ಞರಿಗೆ ತಲುಪಿಸಲು, ತಜ್ಞರು ಬರೆದುಕೊಟ್ಟ ಫಿಸಿಯೋಥೆರಪಿಗೆ ಮತ್ತೊಮ್ಮೆ ಅನುಮತಿ ಪಡೆಯಲು ವಾರಗಳೇ ಹಿಡಿಯಬಹುದು. ಅಡ್ಜಸ್ಟರ್‌ಗೆ ಗಾಯಾಳುವೇ ಹತ್ತು ಸಲ ಫೋನ್ ಮಾಡಿದರೂ ಆಗದ ಕೆಲಸ, ನರ್ಸ್ ಒಂದು ಸಲ ವಿವರಿಸಿ ಬರೆದರೆ ಆಗಿಬಿಡುವುದುಂಟು. ಬೆನ್ನುಹುರಿಗೆ ಪೆಟ್ಟು ಬಿದ್ದವರು, ಸುಟ್ಟ ಗಾಯದವರು, ಕೈಕಾಲು ಕಳೆದುಕೊಂಡವರ ಪ್ರಕರಣಗಳಲ್ಲಂತೂ ಗಾಲಿಕುರ್ಚಿ, ಮನೆಯ ಬಾಗಿಲು ಅಗಲ ಮಾಡಿಸುವುದು, ಮನೆಗೆ ಬಂದು ಶುಶ್ರೂಷೆ ಮಾಡುವವರ ವ್ಯವಸ್ಥೆ ಇವೆಲ್ಲವನ್ನೂ ಒಟ್ಟುಗೂಡಿಸುವವರು ಒಬ್ಬರು ಬೇಕೇ ಬೇಕು. ಜಾರ್ಜಿಯಾ ರಾಜ್ಯದ ಕಾನೂನು ಇಂಥ ಅತಿ ಗಂಭೀರ ಗಾಯಗಳ ಪ್ರಕರಣಗಳಲ್ಲಿ ಪುನರ್ವಸತಿ ತಜ್ಞರ ನೇಮಕವನ್ನು ಕಡ್ಡಾಯ ಮಾಡಿರುವುದು ಇದೇ ಕಾರಣಕ್ಕೆ.

ಅಲ್ಲದೆ ನರ್ಸ್‌ಗೆ ಅವರ ಲೈಸೆನ್ಸಿನ ಹೊಣೆಯೂ ಇದೆ. ಕೇಸ್ ಮ್ಯಾನೇಜರ್‌ಗಳಿಗೆ ಪ್ರಮಾಣಪತ್ರ ನೀಡುವ ಸಂಸ್ಥೆಯ ನೀತಿಸಂಹಿತೆ ಗಾಯಾಳುವಿನ ಹಿತಕ್ಕೆ ನಿಲ್ಲಬೇಕೆಂದು ಹೇಳುತ್ತದೆ. ತಾವು ಎರಡು ಕಡೆಗೆ ಉತ್ತರಿಸಬೇಕಾದ ಸ್ಥಿತಿಯಲ್ಲಿದ್ದರೆ ಅದನ್ನು ಮುಚ್ಚಿಡಬಾರದೆಂದೂ ಹೇಳುತ್ತದೆ. ಈ ಸಂಹಿತೆಯನ್ನು ಮನಸ್ಸಿಟ್ಟು ಪಾಲಿಸುವ ನರ್ಸ್‌ಗಳು ಇದ್ದಾರೆ.

ಗಾಯಾಳುಗಳ ಪರ ವಕೀಲರ ಆಕ್ಷೇಪ

ಗಾಯಾಳುಗಳ ಪರ ವಾದಿಸುವ ವಕೀಲರು ನರ್ಸ್‌ನ ಒಳ್ಳೆಯತನವನ್ನು ಪ್ರಶ್ನಿಸುವುದಿಲ್ಲ. ನರ್ಸ್‌ನ ವರದಿ ಎಲ್ಲಿಗೆ ಹೋಗುತ್ತದೆ ಎಂಬುದು ವಕೀಲರ ಪ್ರಶ್ನೆ. ನರ್ಸ್‌ಗೆ ಹೇಳಿದ ಪ್ರತಿ ಮಾತೂ ಅಡ್ಜಸ್ಟರ್‌ಗೆ ಹೋಗುವ ವರದಿಯ ಭಾಗವಾಗಬಹುದು, ಮತ್ತು ಆ ವರದಿ ಮುಂದೆ ವಿಚಾರಣೆಯಲ್ಲಿ ಗಾಯಾಳುವಿನ ವಿರುದ್ಧವೇ ಬಳಕೆಯಾಗಬಹುದು. ಮೊಮ್ಮಗಳ ಹುಟ್ಟುಹಬ್ಬಕ್ಕೆ ಅಡುಗೆ ಮಾಡಿದೆ, ಹಿತ್ತಲಲ್ಲಿ ನಾಲ್ಕು ಟೊಮೆಟೊ ಗಿಡ ನೆಟ್ಟೆ ಎಂಬ ಲೋಕಾಭಿರಾಮದ ಮಾತು ವರದಿಯಲ್ಲಿ ‘ಮನೆಯ ಕೆಲಸಗಳನ್ನು ಮಾಡಲು ಶಕ್ತರು’ ಎಂದು ದಾಖಲಾದರೆ, ಅದನ್ನು ಸುಳ್ಳು ಎನ್ನಲಾಗದು. ಆದರೆ ಆ ಅಡುಗೆಯ ನಂತರ ಎರಡು ದಿನ ಹಾಸಿಗೆಯಲ್ಲಿ ಮಲಗಿದ್ದು ಅದರಲ್ಲಿ ಬಂದಿರುವುದಿಲ್ಲ.

ಇಲ್ಲಿ ನಮ್ಮವರಿಗೆ ವಿಶೇಷವಾದ ಒಂದು ತೊಡಕಿದೆ. ಊರಿನ ಆಸ್ಪತ್ರೆಯಲ್ಲಿ ನರ್ಸ್ ಅವರನ್ನು ಸಿಸ್ಟರ್ ಎಂದು ಕರೆದು, ಕೇಳಿದ್ದಕ್ಕೆಲ್ಲ ಏನನ್ನೂ ಮುಚ್ಚಿಡದೆ ಉತ್ತರಿಸಿ ರೂಢಿಯಾದವರಿಗೆ, ಬಿಳಿ ಕೋಟು ಹಾಕದೆ ಲ್ಯಾಪ್‌ಟಾಪ್ ಹಿಡಿದು ಬರುವ ಈ ನರ್ಸ್ ಚಿಕಿತ್ಸಾ ತಂಡದವರಲ್ಲ ಎಂಬುದು ಹೊಳೆಯುವುದೇ ಇಲ್ಲ. ಅವರು ಇಂಜೆಕ್ಷನ್ ಕೊಡುವುದಿಲ್ಲ, ಬ್ಯಾಂಡೇಜು ಬದಲಿಸುವುದಿಲ್ಲ. ಅವರ ಕೆಲಸ ಕೇಳುವುದು, ಬರೆಯುವುದು, ಸಂಯೋಜಿಸುವುದು.

ಒಂದು ಫಾರಂ, ಒಂದು ಗೆರೆ

ಪ್ರತಿ ಭೇಟಿಯ ಕೊನೆಯಲ್ಲಿ ವೈದ್ಯರು ತುಂಬುವ ಒಂದು ಪುಟದ ಫಾರಂ ಇರುತ್ತದೆ. ಗಾಯಾಳು ಕೆಲಸಕ್ಕೆ ಹೋಗಬಹುದೇ, ಹೋಗಬಹುದಾದರೆ ಎಷ್ಟು ಭಾರ ಎತ್ತಬಹುದು, ಎಷ್ಟು ಹೊತ್ತು ನಿಲ್ಲಬಹುದು, ಬಗ್ಗಬಹುದೇ ಎಂಬ ಪ್ರಶ್ನೆಗಳ ಮುಂದೆ ವೈದ್ಯರು ಗುರುತು ಹಾಕುತ್ತಾರೆ. ಅಮೆರಿಕದಲ್ಲಿ ರೂಢಿಯಲ್ಲಿರುವ ವರ್ಗೀಕರಣದಂತೆ ಹೆಚ್ಚೆಂದರೆ 10 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಕಿಲೋ ಎತ್ತುವ ಕೆಲಸ ಕುಳಿತು ಮಾಡುವ ಕೆಲಸ. 20 ಪೌಂಡ್ ವರೆಗೆ ಹಗುರ ಕೆಲಸ. 50 ಪೌಂಡ್ ವರೆಗೆ ಮಧ್ಯಮ ಕೆಲಸ. ಗೋದಾಮಿನ ನೌಕರರೊಬ್ಬರ ಬೆನ್ನು ಪರೀಕ್ಷಿಸಿದ ವೈದ್ಯರು 10 ಪೌಂಡ್ ಎಂದು ಬರೆಯಲು ಹೊರಟಿದ್ದಾರೆ ಎಂದಿಟ್ಟುಕೊಳ್ಳೋಣ. ಕೊಠಡಿಯ ಹೊರಗಿನ ಓಣಿಯಲ್ಲಿ ನರ್ಸ್ ಎರಡು ನಿಮಿಷ ಮಾತನಾಡಿ, ಕಂಪನಿಯ ಬಳಿ ಪ್ಯಾಕಿಂಗ್ ಮೇಜಿನ ಕೆಲಸ ಇದೆ, ಅದಕ್ಕೆ 20 ಪೌಂಡ್ ಬೇಕಾಗುತ್ತದೆ, ಸಾಧ್ಯವೇ ಎಂದು ಕೇಳುತ್ತಾರೆ. ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆ ಮೇಜಿನ ಕೆಲಸದಲ್ಲಿ ಇಡೀ ಪಾಳಿ ನಿಂತೇ ಇರಬೇಕು ಎಂದು ಹೇಳಬಲ್ಲ ವ್ಯಕ್ತಿ ಆ ಓಣಿಯಲ್ಲಿ ಇಲ್ಲ. ಅವರು ಒಳಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾರೆ.

ಫಾರಂನಲ್ಲಿ 10 ಹೋಗಿ 20 ಆದರೆ ಆಗುವುದೇನು? ತಾತ್ಕಾಲಿಕವಾಗಿ ಕೆಲಸ ಮಾಡಲಾಗದವರಿಗೆ ಬಹುತೇಕ ರಾಜ್ಯಗಳು ಸರಾಸರಿ ವಾರದ ಸಂಬಳದ ಮೂರರಲ್ಲಿ ಎರಡು ಭಾಗವನ್ನು, ಒಂದು ಗರಿಷ್ಠ ಮಿತಿಗೆ ಒಳಪಟ್ಟು, ಕೊಡುತ್ತವೆ. ವಾರಕ್ಕೆ 900 ಡಾಲರ್ ಸಂಬಳವಿದ್ದವರಿಗೆ 600 ಡಾಲರ್ ಬರುತ್ತದೆ. ವೈದ್ಯರು ಹಗುರ ಕೆಲಸಕ್ಕೆ ಒಪ್ಪಿಗೆ ಕೊಟ್ಟು, ಉದ್ಯೋಗದಾತರು ಆ ಮಿತಿಯೊಳಗಿನ ಕೆಲಸ ಕೊಡಲು ಮುಂದೆ ಬಂದು, ಗಾಯಾಳು ಅದನ್ನು ಸರಿಯಾದ ಕಾರಣವಿಲ್ಲದೆ ನಿರಾಕರಿಸಿದರೆ, ಆ 600 ಡಾಲರ್ ನಿಲ್ಲಬಹುದು. ಒಪ್ಪಿಕೊಂಡು ನೋವಿನಲ್ಲಿಯೇ ಕೆಲಸ ಮಾಡಿದರೆ ಗಾಯ ಉಲ್ಬಣಿಸಬಹುದು. ಒಂದು ಗೆರೆ ಬದಲಾದದ್ದರಿಂದ ಇಕ್ಕಟ್ಟು ಇಷ್ಟು ದೊಡ್ಡದಾಗುತ್ತದೆ.

ಇದಕ್ಕಿಂತ ದೂರಗಾಮಿಯಾದದ್ದು ಎಂಎಂಐ ಎಂಬ ಘೋಷಣೆ. ಇನ್ನು ಚಿಕಿತ್ಸೆಯಿಂದ ಹೆಚ್ಚಿನ ಸುಧಾರಣೆ ನಿರೀಕ್ಷಿಸುವಂತಿಲ್ಲ ಎಂದು ವೈದ್ಯರು ತೀರ್ಮಾನಿಸುವ ಹಂತ ಇದು. ಪೂರ್ತಿ ಗುಣವಾಗಿದೆ ಎಂಬ ಅರ್ಥ ಇದಕ್ಕಿಲ್ಲ. ಆದರೆ ಈ ಹಂತ ತಲುಪಿದ ಮೇಲೆ ತಾತ್ಕಾಲಿಕ ಪರಿಹಾರ ಸಾಮಾನ್ಯವಾಗಿ ಕೊನೆಗೊಂಡು, ಉಳಿದುಕೊಂಡ ಊನಕ್ಕೆ ಶೇಕಡಾವಾರು ಲೆಕ್ಕ ಹಾಕುವ ಕೆಲಸ ಶುರುವಾಗುತ್ತದೆ. ಆದ್ದರಿಂದಲೇ ‘ಇವರು ಎಂಎಂಐ ತಲುಪಿದ್ದಾರೆಯೇ’ ಎಂಬ ಪ್ರಶ್ನೆಯನ್ನು ಯಾರು, ಯಾವಾಗ, ಯಾರೆದುರು ವೈದ್ಯರಿಗೆ ಕೇಳುತ್ತಾರೆ ಎಂಬುದು ಮುಖ್ಯವಾಗುತ್ತದೆ.

ಕಾನೂನು ಎಲ್ಲಿ ಗೆರೆ ಎಳೆದಿದೆ

ಗೊಂದಲಕ್ಕೆ ದೊಡ್ಡ ಕಾರಣ ಇಲ್ಲಿದೆ: ಒಂದು ರಾಜ್ಯದ ಸ್ನೇಹಿತರು ಕೊಟ್ಟ ಸಲಹೆ ಇನ್ನೊಂದು ರಾಜ್ಯದಲ್ಲಿ ತಪ್ಪಾಗಬಹುದು. ನಾರ್ತ್ ಕೆರೊಲಿನಾದಲ್ಲಿ ಪುನರ್ವಸತಿ ವೃತ್ತಿಪರರ ಬಗ್ಗೆಯೇ ಪ್ರತ್ಯೇಕ ನಿಯಮಾವಳಿ ಇದೆ, ಕೇಸ್ ಮ್ಯಾನೇಜರ್ ನರ್ಸ್‌ಗಳೂ ಅದರ ವ್ಯಾಪ್ತಿಗೆ ಬರುತ್ತಾರೆ. ನರ್ಸ್ ಪ್ರಕರಣದಲ್ಲಿ ತೊಡಗಿಕೊಂಡಿದ್ದರೂ ಗಾಯಾಳುವಿಗೆ ವೈದ್ಯರ ಜೊತೆ ಖಾಸಗಿಯಾಗಿ ಪರೀಕ್ಷೆ ಮಾಡಿಸಿಕೊಳ್ಳುವ ಹಕ್ಕಿದೆ. ಜಾರ್ಜಿಯಾದಲ್ಲಿ, ಮೇಲೆ ಹೇಳಿದ ಅತಿ ಗಂಭೀರ ಗಾಯಗಳನ್ನು ಬಿಟ್ಟರೆ, ಕೇಸ್ ಮ್ಯಾನೇಜರ್ ಪಾಲ್ಗೊಳ್ಳುವುದು ಗಾಯಾಳುವಿನ ಒಪ್ಪಿಗೆಯನ್ನು ಅವಲಂಬಿಸಿದೆ. ಓಹಿಯೋ, ವಾಷಿಂಗ್ಟನ್, ನಾರ್ತ್ ಡಕೋಟಾ, ವಯೋಮಿಂಗ್ ರಾಜ್ಯಗಳಲ್ಲಿ ಖಾಸಗಿ ವಿಮಾ ಕಂಪನಿಗಳ ಬದಲು ರಾಜ್ಯದ ನಿಧಿಯೇ ಇರುವುದರಿಂದ ನರ್ಸ್ ಬರುವ ದಾರಿಯೇ ಬೇರೆ. ಟೆಕ್ಸಾಸ್‌ನಲ್ಲಿ ಖಾಸಗಿ ಉದ್ಯೋಗದಾತರು ಈ ವ್ಯವಸ್ಥೆಯಿಂದ ಹೊರಗುಳಿಯುವುದಕ್ಕೂ ಅವಕಾಶವಿದೆ. ಇನ್ನು ಕೇಂದ್ರ ಸರ್ಕಾರದ ನೌಕರರಿಗೆ ಕಾರ್ಮಿಕ ಇಲಾಖೆಯೇ ನರ್ಸ್ ಅವರನ್ನು ನೇಮಿಸುತ್ತದೆ. ಅವರಿಗೆ ಸಹಕರಿಸದಿರುವುದು ಪರಿಹಾರದ ಮೇಲೆಯೇ ಪರಿಣಾಮ ಬೀರಬಹುದು.

ರೋಗಿಯ ಮಾಹಿತಿಯ ಗೋಪ್ಯತೆಯನ್ನು ಕಾಯುವ 1996ರ ಹಿಪಾ ಕಾಯ್ದೆ ತಮ್ಮನ್ನು ಪೂರ್ತಿ ರಕ್ಷಿಸುತ್ತದೆ ಎಂದು ಹಲವರು ನಂಬಿದ್ದಾರೆ. ಅದು ಅರ್ಧ ಸತ್ಯ. ಕಾರ್ಮಿಕ ಪರಿಹಾರದ ಕಾನೂನಿಗೆ ಅಗತ್ಯವಿರುವಷ್ಟು ಮಾಹಿತಿಯನ್ನು ಗಾಯಾಳುವಿನ ಸಹಿ ಇಲ್ಲದೆಯೂ ಕೊಡಲು ಹಿಪಾ ನಿಯಮಗಳೇ ಅವಕಾಶ ಕೊಟ್ಟಿವೆ. ಆದರೆ ‘ಅಗತ್ಯವಿರುವಷ್ಟು’ ಎಂಬ ಮಿತಿ ಅಲ್ಲಿ ಇದ್ದೇ ಇದೆ. ಮೊದಲ ಭೇಟಿಯಲ್ಲಿ ನರ್ಸ್ ಸಹಿಗೆ ಕೊಡುವ ಒಪ್ಪಿಗೆ ಪತ್ರ ಈ ಮಿತಿಯನ್ನು ದಾಟಿರಬಹುದು. ಭುಜದ ಗಾಯದ ಕ್ಲೇಮಿಗೆ ಹತ್ತು ವರ್ಷಗಳ ಹಿಂದಿನ ಎಲ್ಲ ಆಸ್ಪತ್ರೆಗಳ ದಾಖಲೆ, ಮಾನಸಿಕ ಆರೋಗ್ಯದ ಟಿಪ್ಪಣಿ ಇವೆಲ್ಲವನ್ನೂ ಕೊಡಲು ಒಪ್ಪುವ ಪತ್ರಕ್ಕೆ ಓದದೆ ಸಹಿ ಹಾಕಿದವರ ಹಳೆಯ ನೋವೊಂದು ಮುಂದೆ ‘ಗಾಯ ಕೆಲಸದಿಂದಾದದ್ದಲ್ಲ’ ಎಂಬ ವಾದಕ್ಕೆ ಸಾಕ್ಷಿಯಾಗುತ್ತದೆ.

ಭಾರತದ ಪದ್ಧತಿಯ ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಇಎಸ್‌ಐಯಲ್ಲಿ ಹಣ ಕೊಡುವುದೂ ಚಿಕಿತ್ಸೆ ಒದಗಿಸುವುದೂ ಒಂದೇ ವ್ಯವಸ್ಥೆ. ತಾತ್ಕಾಲಿಕ ಅಂಗವೈಕಲ್ಯಕ್ಕೆ ಸಂಬಳದ ಶೇ 90ರಷ್ಟು ಕೊಡುವ ಆ ಯೋಜನೆಯಲ್ಲಿ, ರಜೆಯ ಪ್ರಮಾಣಪತ್ರದ ಮೇಲೆ ಅನುಮಾನ ಬಂದರೆ ಪರಿಶೀಲಿಸಲು ಮೆಡಿಕಲ್ ರೆಫರಿ ಇದ್ದಾರೆ. 1923ರ ಕಾಯ್ದೆಯ ಪ್ರಕಾರ ಉದ್ಯೋಗದಾತರು ಉಚಿತವಾಗಿ ಏರ್ಪಡಿಸಿದ ವೈದ್ಯಕೀಯ ಪರೀಕ್ಷೆಯನ್ನು ನೌಕರ ನಿರಾಕರಿಸಿದರೆ ಪರಿಹಾರದ ಹಕ್ಕು ಅಮಾನತಿನಲ್ಲಿರುತ್ತಿತ್ತು. ಅಂದರೆ ತಪಾಸಣೆ ಇಲ್ಲಿಯೂ ಇದೆ, ಆದರೆ ತಪಾಸಕ ತಪಾಸಕನಾಗಿಯೇ ಬರುತ್ತಾನೆ. ಸಹಾಯ ಮತ್ತು ತಪಾಸಣೆ ಎರಡೂ ಒಬ್ಬರೇ ಆಗಿ ಮನೆ ಬಾಗಿಲಿಗೆ ಬರುವ ಸ್ಥಿತಿ ಇಲ್ಲಿಲ್ಲ. ಅಮೆರಿಕದ ಗಾಯಾಳುವಿನ ಗೊಂದಲ ಅಲ್ಲಿಂದಲೇ ಹುಟ್ಟುವುದು.

ಬೇಡ ಎನ್ನುವುದು ಮತ್ತು ಅದರ ಫಲ

ನರ್ಸ್ ಅವರನ್ನು ಪೂರ್ತಿ ದೂರವಿಡಬೇಕೆಂಬ ಸಲಹೆ ಅಮೆರಿಕದ ವಕೀಲರಿಂದ ಹಲವು ಬಾರಿ ಕೇಳಿಬರುತ್ತದೆ. ಕೆಲವು ರಾಜ್ಯಗಳಲ್ಲಿ ಅದಕ್ಕೆ ಕಾನೂನಿನ ಅಡ್ಡಿ ಇಲ್ಲ. ಆದರೆ ಅದು ಎಲ್ಲ ಪ್ರಕರಣಗಳಿಗೂ ಒಳ್ಳೆಯ ಸಲಹೆ ಎಂದು ಈ ಲೇಖನ ಒಪ್ಪುವುದಿಲ್ಲ. ಶಸ್ತ್ರಚಿಕಿತ್ಸೆಗೆ ಅನುಮತಿ ಸಿಗದೆ ತಿಂಗಳು ಕಳೆಯುತ್ತಿರುವವರಿಗೆ ನರ್ಸ್ ಒಬ್ಬರೇ ದಾರಿ ತೆರೆಯಬಲ್ಲವರು ಆಗಿರಬಹುದು. ಪರೀಕ್ಷಾ ಕೊಠಡಿಯ ಬಾಗಿಲನ್ನು ಮಾತ್ರ ಅವರಿಗೆ ಮುಚ್ಚಿ, ಉಳಿದ ಸಂಯೋಜನೆಯ ಕೆಲಸಕ್ಕೆ ಅವರನ್ನು ಬಳಸಿಕೊಳ್ಳುವುದು ಹೆಚ್ಚಿನವರಿಗೆ ಹೆಚ್ಚು ಉಪಯುಕ್ತವಾದ ನಿಲುವು. ‘ಪರೀಕ್ಷೆ ಖಾಸಗಿಯಾಗಿ ನಡೆಯಲಿ, ಆಮೇಲೆ ನನ್ನೆದುರೇ ನೀವು ವೈದ್ಯರೊಂದಿಗೆ ಮಾತನಾಡಿ, ನಿಮ್ಮ ವರದಿಯ ಪ್ರತಿ ನನಗೂ ಬರಲಿ’ ಎಂದು ಮೊದಲ ವಾರದಲ್ಲಿಯೇ ಇಮೇಲಿನಲ್ಲಿ ತಿಳಿಸಿದರೆ ಸಂಬಂಧವೂ ಕೆಡುವುದಿಲ್ಲ, ದಾಖಲೆಯೂ ಉಳಿಯುತ್ತದೆ. ವೈದ್ಯರ ಕಚೇರಿಗೂ ಅದೇ ಮಾತನ್ನು ಮುಂಚಿತವಾಗಿ ತಿಳಿಸಬೇಕು, ಏಕೆಂದರೆ ಕೊಠಡಿಗೆ ಯಾರನ್ನು ಬಿಡಬೇಕೆಂದು ಆ ಕ್ಷಣದಲ್ಲಿ ನಿರ್ಧರಿಸುವವರು ಅಲ್ಲಿನ ಸಿಬ್ಬಂದಿ.

ಆದರೆ ಇಲ್ಲಿ ಎಚ್ಚರ ತಪ್ಪಬಾರದ ಒಂದು ಸಂಗತಿ ಇದೆ. ನರ್ಸ್ ಭೇಟಿಯನ್ನು ನಿರಾಕರಿಸುವುದು ಬೇರೆ, ಐಎಂಇ ಎಂದು ಕರೆಯಲಾಗುವ, ವಿಮಾ ಕಂಪನಿ ಗೊತ್ತುಮಾಡಿದ ವೈದ್ಯರ ಪರೀಕ್ಷೆಗೆ ಹೋಗದಿರುವುದು ಬೇರೆ. ಎರಡನೆಯದು ಕಾನೂನುಬದ್ಧ ಕರೆ. ತಪ್ಪಿಸಿಕೊಂಡರೆ ಹಲವು ರಾಜ್ಯಗಳಲ್ಲಿ ಪರಿಹಾರ ಅಮಾನತಾಗುತ್ತದೆ. ಚಿಕಿತ್ಸೆಯ ನಿಗದಿತ ಭೇಟಿಗಳನ್ನು ತಪ್ಪಿಸುವುದೂ ಹೀಗೆಯೇ ಅಪಾಯಕಾರಿ, ಏಕೆಂದರೆ ಅದು ಸಹಕರಿಸದ ಗಾಯಾಳು ಎಂಬ ಚಿತ್ರಕ್ಕೆ ಆಧಾರ ಒದಗಿಸುತ್ತದೆ. ಗಾಯವನ್ನು ಉದ್ಯೋಗದಾತರಿಗೆ ತಿಳಿಸುವ ಗಡುವಂತೂ ನರ್ಸ್ ಬರುವ ಮೊದಲೇ ಓಡಲಾರಂಭಿಸಿರುತ್ತದೆ: ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಜಾರ್ಜಿಯಾಗಳಲ್ಲಿ ಅದು 30 ದಿನ.

ವೀಸಾದ ಮೇಲಿರುವವರ ಭಯವೂ ಇಲ್ಲಿ ಕೆಲಸ ಮಾಡುತ್ತದೆ. ಕ್ಲೇಮು ಹಾಕಿದರೆ, ನರ್ಸ್‌ಗೆ ಎದುರಾಡಿದರೆ ಕೆಲಸ ಹೋಗಿ ವೀಸಾಕ್ಕೂ ಕುತ್ತು ಬರುತ್ತದೆ ಎಂದು ಹೆದರಿ ಹೇಳಿದ್ದಕ್ಕೆಲ್ಲ ತಲೆಯಾಡಿಸುವವರಿದ್ದಾರೆ. ಬಹುತೇಕ ರಾಜ್ಯಗಳಲ್ಲಿ ಪರಿಹಾರದ ಹಕ್ಕು ವಲಸೆ ಸ್ಥಿತಿಯ ಮೇಲೆ ನಿಂತಿಲ್ಲ, ಮತ್ತು ಕ್ಲೇಮು ಹಾಕಿದ್ದಕ್ಕಾಗಿಯೇ ಕೆಲಸದಿಂದ ತೆಗೆಯುವುದನ್ನು ಬಹುತೇಕ ರಾಜ್ಯಗಳ ಕಾನೂನು ತಪ್ಪೆಂದು ಪರಿಗಣಿಸುತ್ತದೆ. ಕೆಲಸ ಕೈಬಿಟ್ಟರೆ ವೀಸಾದ ಗತಿ ಏನು ಎಂಬ ಪ್ರಶ್ನೆ ಮಾತ್ರ ನಿಜವಾದದ್ದೇ, ಅದಕ್ಕೆ ವಲಸೆ ವಕೀಲರ ಸಲಹೆ ಪ್ರತ್ಯೇಕವಾಗಿ ಬೇಕು. ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರು ಗಾಯಗೊಂಡಾಗ ಮಗನೋ ಸೊಸೆಯೋ ದುಭಾಷಿಯಾಗಿ ಕೂರುವುದುಂಟು. ನೋವಿನ ಬಗೆಯನ್ನು ಅವರು ಸೌಜನ್ಯಕ್ಕೆ ಮೊಟಕುಗೊಳಿಸಿ ಹೇಳಿದರೆ, ವರದಿಯಲ್ಲಿ ಉಳಿಯುವುದು ಆ ಮೊಟಕಾದ ನೋವೇ. ಕನ್ನಡ ದುಭಾಷಿಯನ್ನು ಒದಗಿಸಿಕೊಡಿ ಎಂದು ಅಡ್ಜಸ್ಟರ್‌ಗೆ ಬರೆದು ಕೇಳುವುದು ಇದಕ್ಕಿಂತ ಸುರಕ್ಷಿತ.

ವರದಿಯಲ್ಲಿ ತಪ್ಪು ಕಂಡಾಗ

ನರ್ಸ್ ಬರೆದ ವರದಿಯ ಪ್ರತಿ ಕೈಗೆ ಬಂದಾಗ ಅದನ್ನು ವೈದ್ಯರ ಟಿಪ್ಪಣಿಯ ಪಕ್ಕದಲ್ಲಿಟ್ಟು ಓದಬೇಕು. ವೈದ್ಯರು ‘ನಾಲ್ಕು ವಾರದ ನಂತರ ಮತ್ತೆ ನೋಡೋಣ’ ಎಂದು ಬರೆದಿದ್ದು ವರದಿಯಲ್ಲಿ ‘ನಾಲ್ಕು ವಾರದಲ್ಲಿ ಪೂರ್ಣ ಕೆಲಸಕ್ಕೆ ಮರಳುವ ನಿರೀಕ್ಷೆ’ ಎಂದಾಗಿದ್ದರೆ, ಫೋನಿನಲ್ಲಿ ವಾದಿಸಿ ಪ್ರಯೋಜನವಿಲ್ಲ. ಭೇಟಿಯ ದಿನಾಂಕ, ವೈದ್ಯರ ಟಿಪ್ಪಣಿಯ ಸಾಲು, ವರದಿಯ ಸಾಲು ಈ ಮೂರನ್ನೂ ನಮೂದಿಸಿ ನರ್ಸ್ ಮತ್ತು ಅಡ್ಜಸ್ಟರ್ ಇಬ್ಬರಿಗೂ ಒಂದೇ ಪತ್ರ ಬರೆದು, ಅದರ ಪ್ರತಿಯನ್ನು ವೈದ್ಯರ ಕಡತಕ್ಕೆ ಸೇರಿಸಲು ಕೋರಬೇಕು. ವಕೀಲರಿದ್ದರೆ ಈ ಪತ್ರ ಅವರ ಮೂಲಕವೇ ಹೋಗಲಿ. ಈ ಪ್ರಕರಣಗಳಲ್ಲಿ ವಕೀಲರ ಶುಲ್ಕಕ್ಕೆ ಬಹುತೇಕ ರಾಜ್ಯಗಳು ಮಿತಿ ಹಾಕಿವೆ, ಸಾಮಾನ್ಯವಾಗಿ ಅದು ಸಿಕ್ಕ ಪರಿಹಾರದ ಹಣದಿಂದಲೇ ಮುರಿದುಕೊಳ್ಳುವಂಥದ್ದು. ವಕೀಲರನ್ನು ಹಿಡಿಯಲಾಗದವರಿಗೆ ಕೆಲವು ರಾಜ್ಯಗಳಲ್ಲಿ ಸರ್ಕಾರದ ನೆರವು ಕಚೇರಿಗಳಿವೆ. ಟೆಕ್ಸಾಸ್‌ನಲ್ಲಿ ಗಾಯಗೊಂಡ ನೌಕರರಿಗಾಗಿಯೇ 2005ರಲ್ಲಿ ಸ್ಥಾಪಿಸಿದ ಕಚೇರಿ ಶುಲ್ಕವಿಲ್ಲದೆ ಸಹಾಯ ಮಾಡುತ್ತದೆ. ಇಂಥ ಪತ್ರ ಹೋದ ಮೇಲೂ ಪರಿಹಾರ ನಿಲ್ಲಿಸಿದರೆ ರಾಜ್ಯದ ಕಾರ್ಮಿಕ ಪರಿಹಾರ ಮಂಡಳಿಯ ಮುಂದೆ ವಿಚಾರಣೆ ಕೋರಬಹುದು, ಮತ್ತು ಅಲ್ಲಿ ತಪ್ಪನ್ನು ಸಕಾಲದಲ್ಲಿ ಬರೆದು ತಿಳಿಸಿದ್ದರೇ ಎಂಬುದು ಮೊದಲು ಕೇಳಿಬರುವ ಪ್ರಶ್ನೆಗಳಲ್ಲೊಂದು.